ಪಂದ್ಯದ ಹೊತ್ತಿನಲ್ಲಿ ಆಟಗಾರರ ಫೋನ್ ಎಲ್ಲಿರುತ್ತದೆ, ಯಾಕೆ?

2024ರ ಜುಲೈ 30. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಟೇಬಲ್ ಟೆನಿಸ್ ಮಿಶ್ರ ಡಬಲ್ಸ್ ಮುಗಿದು ಪದಕ ಕೊಟ್ಟಾಗಿತ್ತು. ಚಿನ್ನ ಚೀನಾಕ್ಕೆ, ಬೆಳ್ಳಿ ಉತ್ತರ ಕೊರಿಯಾಕ್ಕೆ, ಕಂಚು ದಕ್ಷಿಣ ಕೊರಿಯಾಕ್ಕೆ. ದಕ್ಷಿಣ ಕೊರಿಯಾದ ಲಿಮ್ ಜಾಂಗ್-ಹೂನ್ ಕೈ ಚಾಚಿ ಫೋನ್ ಎತ್ತಿ ಹಿಡಿದರು, ಆರೂ ಜನ ಒಂದೇ ಚೌಕಟ್ಟಿನೊಳಗೆ ನಕ್ಕರು. ಎರಡು ಕೊರಿಯಾಗಳ ಆಟಗಾರರು ಒಟ್ಟಿಗೆ ನಿಂತ ಆ ಸೆಲ್ಫಿ ಜಗತ್ತನ್ನೇ ಸುತ್ತಿತು.

ಆದರೆ ಆ ಫೋನ್ ಲಿಮ್ ಮನೆಯಿಂದ ತಂದದ್ದಲ್ಲ. ಪದಕ ವೇದಿಕೆಗೆ ಕ್ರೀಡಾಪಟುಗಳು ಸಾಮಾನ್ಯವಾಗಿ ಸ್ವಂತ ಫೋನ್ ಒಯ್ಯುವಂತಿಲ್ಲ. ಅಲ್ಲಿ ಅವರ ಕೈಗೆ ಬಂದದ್ದು ಒಲಿಂಪಿಕ್ಸ್‌ನ ಜಾಗತಿಕ ಪ್ರಾಯೋಜಕರಲ್ಲಿ ಒಂದಾದ ಸ್ಯಾಮ್‌ಸಂಗ್‌ನ ಫೋನ್. ಪ್ಯಾರಿಸ್‌ನಲ್ಲಿ ‘ವಿಜಯದ ಸೆಲ್ಫಿ’ ಎಂಬುದನ್ನೇ ಪದಕ ಪ್ರದಾನದ ಭಾಗವಾಗಿಸಲಾಗಿತ್ತು. ಅಷ್ಟು ಸಹಜವಾಗಿ ಕಂಡ ಆ ಕ್ಷಣದ ಹಿಂದೆ ನಿಯಮವಿತ್ತು, ಒಪ್ಪಂದವಿತ್ತು, ಹಣವೂ ಇತ್ತು.

ದೊಡ್ಡ ಕ್ರೀಡಾಕೂಟ ಶುರುವಾದ ಕೂಡಲೇ ನಮ್ಮ ಫೋನಿನಲ್ಲಿ ಎರಡು ಬಗೆಯ ಸುದ್ದಿ ಬರತೊಡಗುತ್ತವೆ. ಒಂದು ಕಡೆ ಕ್ರೀಡಾಗ್ರಾಮದ ಊಟ, ಮಂಚ, ಬಸ್ಸು ಎಲ್ಲವನ್ನೂ ರೀಲ್ಸ್ ಮಾಡಿ ಹಾಕುವ ಆಟಗಾರರು. ಇನ್ನೊಂದು ಕಡೆ ಒಂದೇ ಒಂದು ಪೋಸ್ಟ್‌ಗೆ ದಂಡ ಕಟ್ಟಿದವರು, ತಂಡದಿಂದ ಹೊರಬಿದ್ದವರು. ಒಬ್ಬರಿಗೆ ಇಷ್ಟು ಸಲೀಸಾದದ್ದು ಇನ್ನೊಬ್ಬರಿಗೆ ಅಪರಾಧ ಹೇಗಾಗುತ್ತದೆ? ಉತ್ತರ ಸಿಗಬೇಕಾದರೆ ಮೊದಲು ಒಂದು ವಿಷಯ ತಿಳಿದಿರಬೇಕು: ‘ಆಟಗಾರರು ಫೋನ್ ಬಳಸಬಾರದು’ ಎಂಬ ಒಂದೇ ನಿಯಮ ಎಲ್ಲಿಯೂ ಇಲ್ಲ. ಬೇರೆ ಬೇರೆ ಕಾರಣಗಳಿಗಾಗಿ ಬೇರೆ ಬೇರೆಯವರು ಮಾಡಿದ ಹಲವು ನಿಯಮಗಳು ಒಂದೇ ಫೋನಿನ ಮೇಲೆ ಬಂದು ಕೂತಿವೆ.

ಸ್ಪರ್ಧೆಯ ಅವಧಿ ಎಂದರೆ ಎಷ್ಟು ಹೊತ್ತು?

ನೋಡುವವರಿಗೆ ಸ್ಪರ್ಧೆ ಎಂದರೆ ಸೀಟಿ ಊದಿದಾಗಿನಿಂದ ಫಲಿತಾಂಶದವರೆಗೆ. ನಿಯಮದ ಲೆಕ್ಕ ಹಾಗಿಲ್ಲ.

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ 2009ರ ಮಾರ್ಚ್‌ನಲ್ಲಿ ಮಿಲ್ವಾಕೀ ಬಕ್ಸ್ ತಂಡದ ಚಾರ್ಲಿ ವಿಲನ್ಯುವಾ ಪಂದ್ಯದ ಅರ್ಧವಿರಾಮದಲ್ಲಿ ಲಾಕರ್ ರೂಮಿನಿಂದಲೇ ಟ್ವೀಟ್ ಮಾಡಿದರು. ಸ್ಕೋರು ಸಮವಾಗಿದೆ, ಕೋಚ್ ನಮ್ಮಿಂದ ಇನ್ನಷ್ಟು ಗಟ್ಟಿತನ ಬಯಸುತ್ತಿದ್ದಾರೆ ಎಂಬ ಅರ್ಥದ ಒಂದೆರಡು ಸಾಲು, ಅಷ್ಟೇ. ಆ ಪಂದ್ಯವನ್ನು ಅವರ ತಂಡ ಗೆದ್ದಿತು. ಆದರೂ ಕೋಚ್ ಸ್ಕಾಟ್ ಸ್ಕೈಲ್ಸ್‌ಗೆ ಇದು ಹಿಡಿಸಲಿಲ್ಲ. ಆಟದ ಮೇಲೆ ಇರಬೇಕಾದ ಗಮನ ಬೇರೆಡೆ ಇತ್ತು ಎಂಬ ಭಾವನೆ ಬರುತ್ತದೆ ಎಂಬುದು ಅವರ ಆಕ್ಷೇಪವಾಗಿತ್ತು. ಅದೇ ವರ್ಷ ಸೆಪ್ಟೆಂಬರ್ ಹೊತ್ತಿಗೆ ಲೀಗ್ ನಿಯಮ ತಂದಿತು: ಪಂದ್ಯಕ್ಕೆ 45 ನಿಮಿಷ ಮೊದಲಿನಿಂದ, ಪಂದ್ಯ ಮುಗಿದು ಮಾಧ್ಯಮದವರೊಂದಿಗೆ ಮಾತನಾಡುವವರೆಗೆ ಆಟಗಾರರು ಸಾಮಾಜಿಕ ಜಾಲತಾಣ ಮುಟ್ಟುವಂತಿಲ್ಲ. ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಇದೇ ಹೊತ್ತಿಗೆ 90 ನಿಮಿಷದ ಗಡುವು ಹಾಕಿತು. ಮರುವರ್ಷವೇ ಚಾಡ್ ಒಚೊಸಿಂಕೊ ಆ ಗಡುವು ಮೀರಿ ಟ್ವೀಟ್ ಮಾಡಿ 25,000 ಡಾಲರ್ ದಂಡ ಕಟ್ಟಿದರು. ಅದು ಋತು ಶುರುವಾಗುವ ಮುಂಚಿನ ಅಭ್ಯಾಸ ಪಂದ್ಯ, ಅಂಕಪಟ್ಟಿಗೆ ಲೆಕ್ಕವೇ ಇಲ್ಲದ್ದು.

ಒಲಿಂಪಿಕ್ಸ್‌ನಲ್ಲಿ ಅವಧಿಗಳು ಒಂದರೊಳಗೊಂದು ಇರುತ್ತವೆ. ಪ್ಯಾರಿಸ್‌ನ ನಿಯಮದಂತೆ ಕ್ರೀಡಾಪಟುಗಳು ತಮ್ಮ ಸ್ಪರ್ಧೆಗೆ ಒಂದು ಗಂಟೆ ಮೊದಲಿನವರೆಗೆ ಕ್ರೀಡಾಂಗಣದೊಳಗಿನಿಂದ ಪೋಸ್ಟ್ ಹಾಕಬಹುದಿತ್ತು. ಆಮೇಲೆ ಪತ್ರಕರ್ತರನ್ನು ಎದುರಾಗುವ ಜಾಗ ದಾಟಿ, ಉದ್ದೀಪನ ಮದ್ದು ಪರೀಕ್ಷೆ ಇದ್ದರೆ ಅದನ್ನೂ ಮುಗಿಸಿ ಹೊರಬಂದ ನಂತರವೇ ಮತ್ತೆ ಅವಕಾಶ. ಜಾಹೀರಾತಿಗೆ ಸಂಬಂಧಿಸಿದ ನಿಯಮದ ಅವಧಿ ಮಾತ್ರ ಗಂಟೆಗಳದ್ದಲ್ಲ, ವಾರಗಳದ್ದು. 2024ರಲ್ಲಿ ಅದು ಜುಲೈ 18ರಿಂದ ಆಗಸ್ಟ್ 13ರವರೆಗೆ ಇತ್ತು. ಅಂದರೆ ಒಬ್ಬ ಓಟಗಾರ್ತಿಯ ಓಟ ಹನ್ನೊಂದು ಸೆಕೆಂಡಿನಲ್ಲಿ ಮುಗಿದರೂ ಆಕೆಯ ಫೋನಿನ ಮಟ್ಟಿಗೆ ‘ಸ್ಪರ್ಧೆ’ ಸುಮಾರು ನಾಲ್ಕು ವಾರ ನಡೆಯುತ್ತದೆ.

ಟಾಸ್‌ಗೆ ಮೊದಲಿನ ಅರ್ಧ ಗಂಟೆ

ಎಲ್ಲ ನಿಷೇಧಗಳಲ್ಲಿ ಅತ್ಯಂತ ಕಟ್ಟುನಿಟ್ಟಾದದ್ದು ಕ್ರಿಕೆಟ್‌ನದು. ಅದರ ಮೂಲ ಇರುವುದು ಬೆಟ್ಟಿಂಗ್‌ನಲ್ಲಿ.

ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ನೆನೆಯಿರಿ. ಹತ್ತು ಗಂಟೆಗೆ ಅದು ಎಲ್ಲರ ಕೈಗೆ ಬಂದ ಮೇಲೆ ಬರಿಯ ಕಾಗದ. ಒಂಬತ್ತೂವರೆಗೆ ಒಬ್ಬನ ಕೈಗೆ ಮಾತ್ರ ಸಿಕ್ಕರೆ ಅದಕ್ಕೆ ಬೆಲೆ ಕಟ್ಟಲಾಗದು. ಕಾಗದ ಅದೇ, ಬದಲಾದದ್ದು ಹೊತ್ತು ಮಾತ್ರ. ಕ್ರೀಡೆಯಲ್ಲಿ ಇಂಥದ್ದಕ್ಕೆ ‘ಒಳಮಾಹಿತಿ’ ಎನ್ನುತ್ತಾರೆ. ಆಟಗಾರನಾಗಿರುವ ಕಾರಣಕ್ಕೆ ಒಬ್ಬನಿಗೆ ಗೊತ್ತಿರುವ, ಹೊರಗೆ ಯಾರಿಗೂ ಇನ್ನೂ ಗೊತ್ತಿಲ್ಲದ ಸಂಗತಿ ಅದು. ಯಾರು ಆಡುತ್ತಾರೆ, ಯಾರ ಮಂಡಿ ನೋಯುತ್ತಿದೆ, ಪಿಚ್ ನೋಡಿ ನಾಯಕ ಏನೆಂದ, ಟಾಸ್ ಗೆದ್ದರೆ ಬ್ಯಾಟಿಂಗೋ ಬೌಲಿಂಗೋ, ಇದೆಲ್ಲ ತಂಡದೊಳಗೆ ಸಾಮಾನ್ಯ ಮಾತು. ಬುಕ್ಕಿಗೆ ಮಾತ್ರ ಅದು ದುಡ್ಡು.

ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾ ನಡುವಿನ 2009ರ ಆ್ಯಷಸ್ ಸರಣಿಯ ಮೂರನೇ ಟೆಸ್ಟ್‌ನ ದಿನ ಹೀಗೇ ಆಯಿತು. ಎಜ್‌ಬಾಸ್ಟನ್‌ನಲ್ಲಿ ಟಾಸ್ ಇನ್ನೂ ಆಗಿರಲಿಲ್ಲ. ಆಸ್ಟ್ರೇಲಿಯಾದ ಫಿಲಿಪ್ ಹ್ಯೂಸ್ ಅವರ ಟ್ವಿಟರ್ ಖಾತೆಯಲ್ಲಿ ತನ್ನನ್ನು ಕೈಬಿಟ್ಟಿರುವುದಕ್ಕೆ ಬೇಸರವಾಗಿದೆ ಎಂಬ ಸಾಲು ಕಾಣಿಸಿಕೊಂಡಿತು. ಇಪ್ಪತ್ತರ ಹುಡುಗನ ನೋವು ಅದು, ಯಾರಿಗಾದರೂ ಅರ್ಥವಾಗುವಂಥದ್ದು. ಆದರೆ ಎದುರಾಳಿ ತಂಡಕ್ಕೂ ಬಾಜಿ ಕಟ್ಟುವವರಿಗೂ ಹನ್ನೊಂದರ ಪಟ್ಟಿಯ ಒಂದು ಭಾಗ ಪುಕ್ಕಟೆಯಾಗಿ ಸಿಕ್ಕಿಬಿಟ್ಟಿತು.

ಇದನ್ನು ತಡೆಯಲೆಂದೇ ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ ‘ಪಿಎಂಒಎ’ ಎಂಬ ವಲಯವಿದೆ. ಆಟಗಾರರು ಮತ್ತು ಪಂದ್ಯದ ಅಧಿಕಾರಿಗಳಿಗೆ ಮೀಸಲಾದ ಜಾಗ ಎಂದು ಅದರ ಅರ್ಥ. ಡ್ರೆಸ್ಸಿಂಗ್ ರೂಂ, ಡಗೌಟ್, ಮೈದಾನ ಎಲ್ಲವೂ ಅದರೊಳಗೆ ಬರುತ್ತವೆ. ಪಂದ್ಯದ ದಿನ ಅಲ್ಲಿಗೆ ಕಾಲಿಡುವ ಮುನ್ನ ಆಟಗಾರರು ಫೋನನ್ನು ಒಪ್ಪಿಸಿ ಒಳಗೆ ಹೋಗಬೇಕು. ಆಟ ಮುಗಿದ ಮೇಲೆಯೇ ಅದು ವಾಪಸು. ತುರ್ತಾಗಿ ಮನೆಯವರೊಡನೆ ಮಾತನಾಡಬೇಕಾದರೆ ಭ್ರಷ್ಟಾಚಾರ ನಿಗ್ರಹ ಅಧಿಕಾರಿಯ ಗಮನಕ್ಕೆ ತಂದೇ ಮಾಡಬೇಕು.

ಫೋನ್ ಎಂದರೆ ಕೈಯಲ್ಲಿ ಹಿಡಿಯುವುದಷ್ಟೇ ಅಲ್ಲ. 2018ರ ಮೇ ತಿಂಗಳಲ್ಲಿ ಲಾರ್ಡ್ಸ್ ಟೆಸ್ಟ್‌ನ ಮೊದಲ ದಿನ ಪಾಕಿಸ್ತಾನದ ಕೆಲವು ಆಟಗಾರರು ಸ್ಮಾರ್ಟ್‌ವಾಚ್ ಕಟ್ಟಿಕೊಂಡು ಮೈದಾನಕ್ಕಿಳಿದಿದ್ದರು. ಐಸಿಸಿಯ ಭ್ರಷ್ಟಾಚಾರ ನಿಗ್ರಹ ಅಧಿಕಾರಿ ಅಂದೇ ತಂಡದ ಬಳಿ ಬಂದು, ನಾಳೆಯಿಂದ ಇದು ಬೇಡ ಎಂದರು. ಗಡಿಯಾರಕ್ಕೆ ಸಂದೇಶ ಬರುತ್ತದೆ ಎಂದಾದರೆ ನಿಯಮದ ಕಣ್ಣಿಗೆ ಅದೂ ಫೋನೇ.

ಬುಕ್ಕಿಗಳು ಬಾಗಿಲು ತಟ್ಟಿ ಬರುವ ಕಾಲ ಹೋಗಿದೆ, ಈಗ ಬರುವುದು ಮೆಸೇಜ್. ಬಾಂಗ್ಲಾದೇಶದ ಶಕೀಬ್ ಅಲ್ ಹಸನ್ ಅವರ ಪ್ರಕರಣ ಇದಕ್ಕೆ ಸ್ಪಷ್ಟ ಉದಾಹರಣೆ. ಒಳಮಾಹಿತಿ ಕೇಳುವವನೊಬ್ಬ ಅವರನ್ನು ಸಂಪರ್ಕಿಸಿದ್ದು ವಾಟ್ಸ್ಆ್ಯಪ್ ಮೂಲಕ. ಮಾಹಿತಿ ಕೊಟ್ಟರು ಎಂಬ ಆರೋಪ ಶಕೀಬ್ ಮೇಲೆ ಇರಲಿಲ್ಲ. ಸಂದೇಶ ಬಂದಿತ್ತು ಎಂಬುದನ್ನು ಅಧಿಕಾರಿಗಳಿಗೆ ತಿಳಿಸಲಿಲ್ಲ, ಅಷ್ಟೇ. ಅಷ್ಟಕ್ಕೇ 2019ರ ಅಕ್ಟೋಬರ್‌ನಲ್ಲಿ ಐಸಿಸಿ ಎರಡು ವರ್ಷಗಳ ನಿಷೇಧ ಹೇರಿತು, ಅದರಲ್ಲಿ ಒಂದು ವರ್ಷವನ್ನು ಷರತ್ತಿನ ಮೇಲೆ ತಡೆಹಿಡಿಯಿತು. ಅಪರಿಚಿತರ ಮೆಸೇಜಿಗೆ ಉತ್ತರ ಕೊಡದೆ ಸುಮ್ಮನಿದ್ದರೆ ನಾವು ನೀವು ಪಾರು. ವೃತ್ತಿಪರ ಕ್ರಿಕೆಟಿಗರಿಗೆ ಆ ಮೌನವೇ ಅಪರಾಧ. ಈ ವ್ಯತ್ಯಾಸ ಓದುಗರಿಗೆ ತಿಳಿದಿರುವುದು ಅಗತ್ಯ, ಏಕೆಂದರೆ ಇಂಥ ಶಿಕ್ಷೆಯ ಸುದ್ದಿ ಬಂದಾಗಲೆಲ್ಲ ‘ಮ್ಯಾಚ್ ಫಿಕ್ಸಿಂಗ್’ ಎಂಬ ಪದ ತಪ್ಪಾಗಿ ಅಂಟಿಕೊಳ್ಳುತ್ತದೆ.

ವಿಡಿಯೊ ಹಾಕಿದರೆ ಯಾರಿಗೆ ನಷ್ಟ?

ಈಜುಕೊಳದ ದಡದಿಂದ ತನ್ನದೇ ಸ್ಪರ್ಧೆಯನ್ನು ಲೈವ್ ಮಾಡಲು ಈಜುಗಾರ್ತಿಗೆ ಯಾಕೆ ಬಿಡುವುದಿಲ್ಲ? ಇಲ್ಲಿ ಬೆಟ್ಟಿಂಗ್‌ನ ಮಾತಿಲ್ಲ. ಆ ದೃಶ್ಯವನ್ನು ಬೇರೆಯವರು ಮೊದಲೇ ಕೊಂಡಿದ್ದಾರೆ.

ದೊಡ್ಡ ಕೂಟಗಳು ಬದುಕುವುದು ಪ್ರಸಾರ ಹಕ್ಕಿನ ಹಣದಿಂದ. ಟಿಕೆಟ್ ಮಾರಾಟ ಅದರ ಮುಂದೆ ಚಿಕ್ಕದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಅಂದರೆ ಐಒಸಿಯ ಆದಾಯದ ಅರ್ಧಕ್ಕಿಂತ ಹೆಚ್ಚು ಭಾಗ ಬರುವುದು ಇದರಿಂದಲೇ. 2021ರಿಂದ 2032ರವರೆಗಿನ ಅಮೆರಿಕದ ಪ್ರಸಾರ ಹಕ್ಕಿಗಾಗಿ ಅಲ್ಲಿನ ಟಿವಿ ಸಂಸ್ಥೆ ಎನ್‌ಬಿಸಿ 2014ರಲ್ಲಿ ಒಪ್ಪಿಕೊಂಡದ್ದು 700 ಕೋಟಿ ಡಾಲರ್‌ಗೂ ಹೆಚ್ಚು. ಐಪಿಎಲ್‌ನ 2023–27ರ ಮಾಧ್ಯಮ ಹಕ್ಕು ಹೋದದ್ದು ಒಟ್ಟು 48,390 ಕೋಟಿ ರೂಪಾಯಿಗೆ. ಇಷ್ಟು ಕೊಟ್ಟವರು ಕೇಳುವುದು ಒಂದೇ: ಈ ದೃಶ್ಯ ನಮ್ಮಲ್ಲಿ ಬಿಟ್ಟು ಬೇರೆಲ್ಲೂ ಸಿಗಕೂಡದು. ಆ ಮಾತನ್ನು ಉಳಿಸಿಕೊಳ್ಳಲು ಸಂಘಟಕರು ಆಟಗಾರರ ಕೈ ಕಟ್ಟುತ್ತಾರೆ.

ಈ ಕಟ್ಟು ಸಡಿಲವಾಗುತ್ತ ಬಂದ ಬಗೆ ಕುತೂಹಲಕರ. 2008ರ ಬೀಜಿಂಗ್ ಕೂಟಕ್ಕೆ ಮೊದಲು ಐಒಸಿ ಕ್ರೀಡಾಪಟುಗಳಿಗೆ ಬ್ಲಾಗ್ ಬರೆಯಲು ಷರತ್ತಿನ ಮೇಲೆ ಅನುಮತಿ ಕೊಟ್ಟಿತು. ಬರಹ ದಿನಚರಿಯಂತಿರಬೇಕು, ವರದಿಯಂತೆ ಇರಬಾರದು ಎಂಬುದು ಮುಖ್ಯ ಷರತ್ತು. ‘ಇವತ್ತು ನನಗೆ ಭಯವಾಯಿತು’ ಎಂದು ಬರೆಯಬಹುದು. ‘ಇವತ್ತಿನ ಫೈನಲ್‌ನಲ್ಲಿ ಏನೇನಾಯಿತು’ ಎಂದು ಬರೆದರೆ ಪತ್ರಕರ್ತರ ಕೆಲಸಕ್ಕೆ ಕೈ ಹಾಕಿದಂತೆ. 2012ರ ಲಂಡನ್‌ನಲ್ಲೂ ಇದೇ ದಾರಿ: ಫೋಟೊ ಸರಿ, ಕ್ರೀಡಾಂಗಣದ ವಿಡಿಯೊ ಬೇಡ. 2024ರ ಪ್ಯಾರಿಸ್ ಹೊತ್ತಿಗೆ ವಿಡಿಯೊಗೂ ಬಾಗಿಲು ತೆರೆಯಿತು. ಎರಡು ನಿಮಿಷದೊಳಗಿನ ತುಣುಕುಗಳನ್ನು ಕ್ರೀಡಾಪಟುಗಳು ತಮ್ಮ ಖಾತೆಯಲ್ಲಿ ಹಾಕಬಹುದಿತ್ತು. ಲೈವ್ ಮಾತ್ರ ಆಗಲೂ ನಿಷಿದ್ಧ, ಸ್ಪರ್ಧೆಯ ದೃಶ್ಯವೂ ನಿಷಿದ್ಧ.

ಹದಿನಾರು ವರ್ಷದಲ್ಲಿ ಇಷ್ಟು ಬದಲಾವಣೆ ಬಂದದ್ದು ಔದಾರ್ಯದಿಂದಷ್ಟೇ ಅಲ್ಲ ಎಂದು ನನಗನ್ನಿಸುತ್ತದೆ. ಇಡೀ ಸ್ಪರ್ಧೆಯನ್ನು ಕೂತು ನೋಡುವ ಹೊಸ ತಲೆಮಾರಿನವರು ಕಡಿಮೆ. ಅವರನ್ನು ಕೂಟದ ಕಡೆಗೆ ಎಳೆದು ತರುವುದು ಈಗ ಆಟಗಾರರ ರೀಲ್ಸ್. ಪ್ಯಾರಿಸ್‌ನ ಕ್ರೀಡಾಗ್ರಾಮದ ಚಾಕೊಲೇಟ್ ಮಫಿನ್ ಮೇಲೆ ನಾರ್ವೆಯ ಈಜುಗಾರ ಹೆನ್ರಿಕ್ ಕ್ರಿಸ್ಟಿಯಾನ್ಸೆನ್ ಮಾಡಿದ ಸಾಲು ಸಾಲು ಟಿಕ್‌ಟಾಕ್‌ಗಳನ್ನು ನೋಡಿದವರಲ್ಲಿ ಎಷ್ಟೋ ಜನ ಅದಕ್ಕೂ ಮೊದಲು ಅವರ ಹೆಸರನ್ನೇ ಕೇಳಿರಲಿಲ್ಲ. ಪ್ರಸಾರಕರಿಗೆ ಅದರಿಂದ ನಷ್ಟವಿಲ್ಲ, ಲಾಭವೇ.

ಧನ್ಯವಾದ ಹೇಳುವುದಕ್ಕೂ ನಿಯಮ

ಒಲಿಂಪಿಕ್ಸ್ ಸುದ್ದಿಯಲ್ಲಿ ‘ನಿಯಮ 40’ ಎಂಬ ಮಾತು ಆಗಾಗ ಬರುತ್ತದೆ. ಒಲಿಂಪಿಕ್ ಸನ್ನದಿನ ಈ ನಿಯಮಕ್ಕೆ ಸೇರಿದ ಉಪನಿಯಮವೊಂದು, ಕೂಟದ ಅವಧಿಯಲ್ಲಿ ಕ್ರೀಡಾಪಟುವಿನ ಹೆಸರು, ಚಿತ್ರ, ಸಾಧನೆ ಜಾಹೀರಾತಿಗೆ ಬಳಕೆಯಾಗುವುದನ್ನು ನಿಯಂತ್ರಿಸುತ್ತದೆ.

ಯಾಕೆ ಬೇಕು ಇದು? ಒಲಿಂಪಿಕ್ಸ್‌ಗೆ ಅಧಿಕೃತ ಪ್ರಾಯೋಜಕರಿದ್ದಾರೆ, ಅವರು ಭಾರಿ ಮೊತ್ತ ಕೊಟ್ಟಿದ್ದಾರೆ. ಓಟಗಾರರಿಗೂ ಸ್ವಂತ ಪ್ರಾಯೋಜಕರಿರುತ್ತಾರೆ. ಶೂ ಕೊಡುವವರು, ತರಬೇತಿಯ ಖರ್ಚು ನೋಡಿಕೊಳ್ಳುವವರು. ನಾಲ್ಕು ವರ್ಷ ಜತೆಗಿದ್ದ ಶೂ ಕಂಪನಿ ಕೂಟದ ಹದಿನೈದು ದಿನ ಆ ಓಟಗಾರರ ಫೋಟೊ ಹಾಕಿ ಜಾಹೀರಾತು ಮಾಡಿದರೆ, ಒಲಿಂಪಿಕ್ಸ್‌ಗೆ ಒಂದು ಪೈಸೆ ಕೊಡದೆ ಅದರ ಮೆರುಗು ಪಡೆದಂತಾಗುತ್ತದೆ ಎಂಬುದು ಸಂಘಟಕರ ವಾದ. ಓಟಗಾರರ ವಾದ ಬೇರೆ: ಜಗತ್ತು ನಮ್ಮನ್ನು ನೋಡುವುದೇ ಈ ಹದಿನೈದು ದಿನ, ಅಷ್ಟರಲ್ಲೂ ನಮ್ಮನ್ನು ಸಾಕಿದವರ ಹೆಸರು ಎತ್ತಬಾರದೆಂದರೆ ಮುಂದೆ ನಮಗೆ ಯಾರು ಹಣ ಹಾಕುತ್ತಾರೆ?

ಲಂಡನ್ ಕೂಟದ ನಡುವೆ ಇದು ಬಹಿರಂಗವಾಗಿ ಸ್ಫೋಟಿಸಿತು. ಸಾನ್ಯಾ ರಿಚರ್ಡ್ಸ್-ರಾಸ್ ಸೇರಿದಂತೆ ಅಮೆರಿಕದ ಹಲವು ಅಥ್ಲೀಟ್‌ಗಳು ‘ನಮಗೆ ಬದಲಾವಣೆ ಬೇಕು’ ಎಂಬ ಹ್ಯಾಷ್‌ಟ್ಯಾಗ್ ಹಿಡಿದು ಟ್ವಿಟರ್‌ನಲ್ಲೇ ಪ್ರತಿಭಟಿಸಿದರು. ನಿರ್ಣಾಯಕ ಪೆಟ್ಟು ಬಿದ್ದದ್ದು ಏಳು ವರ್ಷದ ನಂತರ, ಜರ್ಮನಿಯಲ್ಲಿ. ಅಲ್ಲಿನ ಪೈಪೋಟಿ ನಿಯಂತ್ರಣ ಸಂಸ್ಥೆ 2019ರ ಫೆಬ್ರವರಿಯಲ್ಲಿ ಈ ನಿರ್ಬಂಧ ಅತಿಯಾಯಿತು ಎಂದು ಹೇಳಿ ಜರ್ಮನ್ ಕ್ರೀಡಾಪಟುಗಳಿಗೆ ಸಡಿಲಿಕೆ ಕೊಡಿಸಿತು. ಅದೇ ವರ್ಷ ಐಒಸಿ ನಿಯಮದ ಒಕ್ಕಣೆಯನ್ನೇ ತಿರುಗಿಸಿತು. ಮೊದಲು ‘ಅನುಮತಿ ಇಲ್ಲದೆ ಕೂಡದು’ ಎಂದಿದ್ದದ್ದು ‘ಷರತ್ತಿಗೆ ಒಳಪಟ್ಟು ಆಗಬಹುದು’ ಎಂದಾಯಿತು. ಈಗ ಕ್ರೀಡಾಪಟುಗಳು ಸ್ವಂತ ಪ್ರಾಯೋಜಕರಿಗೆ ಸರಳವಾಗಿ ಧನ್ಯವಾದ ಹೇಳಬಹುದು. ಐದು ಉಂಗುರದ ಗುರುತು ಬಳಸುವಂತಿಲ್ಲ, ಈ ಶೂ ಹಾಕಿದ್ದರಿಂದಲೇ ಗೆದ್ದೆ ಎನ್ನುವಂತಿಲ್ಲ. ವಿವರಗಳನ್ನು ಆಯಾ ದೇಶದ ಒಲಿಂಪಿಕ್ ಸಮಿತಿ ಗೊತ್ತುಮಾಡುವುದರಿಂದ ಒಂದೇ ಓಟದ ಅಕ್ಕಪಕ್ಕದ ಲೇನಿನವರಿಗೆ ಬೇರೆ ಬೇರೆ ನಿಯಮ ಇರಬಹುದು.

ಮಾತು ಎಡವಿದಾಗ

ಇದುವರೆಗಿನದೆಲ್ಲ ಯಾವಾಗ, ಎಲ್ಲಿಂದ, ಯಾರ ಹೆಸರಿನಲ್ಲಿ ಎಂಬ ಪ್ರಶ್ನೆ. ಏನು ಬರೆದರು ಎಂಬುದು ಬೇರೆಯೇ ಕತೆ. ಇಲ್ಲಿ ಹೊತ್ತಿನ ರಿಯಾಯಿತಿ ಇಲ್ಲ.

ಗ್ರೀಸ್‌ನ ಟ್ರಿಪಲ್ ಜಂಪ್ ಪಟು ವೂಲಾ ಪಾಪಾಕ್ರಿಸ್ಟೂ 2012ರ ಒಲಿಂಪಿಕ್ಸ್‌ಗೆ ಆಯ್ಕೆಯಾಗಿದ್ದರು. ಗ್ರೀಸ್‌ನಲ್ಲಿರುವ ಆಫ್ರಿಕನ್ನರನ್ನು ಹೀಯಾಳಿಸುವ ಒಂದು ಟ್ವೀಟ್ ಮಾಡಿದರು. ಉದ್ಘಾಟನೆಗೆ ಎರಡು ದಿನ ಇರುವಾಗ ಅವರದೇ ದೇಶದ ಒಲಿಂಪಿಕ್ ಸಮಿತಿ ತಂಡದಿಂದ ತೆಗೆದುಹಾಕಿತು. ಕ್ಷಮೆ ಕೇಳಿದರೂ ಪ್ರಯೋಜನವಾಗಲಿಲ್ಲ. ಅದೇ ಕೂಟದಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಸೋತ ಸಿಟ್ಟಿನಲ್ಲಿ ಕೊರಿಯನ್ನರನ್ನು ನಿಂದಿಸಿ ಬರೆದ ಸ್ವಿಟ್ಜರ್ಲೆಂಡ್‌ನ ಫುಟ್‌ಬಾಲ್ ಆಟಗಾರ ಮಿಶೆಲ್ ಮೊರ್ಗಾನೆಲ್ಲಾ ಮನೆಗೆ ಹೋಗಬೇಕಾಯಿತು.

ಹಳೆಯ ಪೋಸ್ಟ್ ಕೂಡ ಇವತ್ತಿನ ಪಂದ್ಯಕ್ಕೆ ಬಂದು ನಿಲ್ಲಬಲ್ಲದು. ಇಂಗ್ಲೆಂಡ್‌ನ ಓಲಿ ರಾಬಿನ್ಸನ್ 2021ರ ಜೂನ್ 2ರಂದು ಲಾರ್ಡ್ಸ್‌ನಲ್ಲಿ ಮೊದಲ ಟೆಸ್ಟ್ ಆಡಲಿಳಿದರು. ಅವರು ಬೌಲ್ ಮಾಡುತ್ತಿದ್ದ ದಿನವೇ 2012–13ರಲ್ಲಿ ಮಾಡಿದ್ದ ಜನಾಂಗೀಯ, ಸ್ತ್ರೀನಿಂದಕ ಟ್ವೀಟ್‌ಗಳನ್ನು ಯಾರೋ ಹೊರತೆಗೆದು ಹರಡಿದರು. ಸಂಜೆ ವಿಕೆಟ್‌ಗಳ ಬಗ್ಗೆ ಮಾತನಾಡಬೇಕಾಗಿದ್ದ ಹುಡುಗ ಕ್ಯಾಮೆರಾ ಮುಂದೆ ನಿಂತು ಕ್ಷಮೆಯಾಚನೆ ಓದಿದರು. ಪಂದ್ಯದಲ್ಲಿ ಏಳು ವಿಕೆಟ್ ಕಿತ್ತರೂ ಮುಗಿದ ಕೂಡಲೇ ಅಮಾನತು. ವಿಚಾರಣೆಯ ನಂತರ ಎಂಟು ಪಂದ್ಯಗಳ ನಿಷೇಧ, ಅದರಲ್ಲಿ ಐದು ತಡೆಹಿಡಿದದ್ದು, ಮೇಲೆ 3,200 ಪೌಂಡ್ ದಂಡ.

ರಾಜಕೀಯ ಅಭಿಪ್ರಾಯದ ವಿಚಾರಕ್ಕೆ ಬಂದರೆ, ಒಲಿಂಪಿಕ್ಸ್‌ನ ‘ನಿಯಮ 50’ ಪದಕ ವೇದಿಕೆಯಲ್ಲಿ, ಸ್ಪರ್ಧೆಯ ನಡುವೆ ಪ್ರತಿಭಟನೆಗೆ ಅವಕಾಶ ಕೊಡುವುದಿಲ್ಲ. ಸ್ವಂತ ಖಾತೆಯಲ್ಲಿ ಅಭಿಪ್ರಾಯ ಹೇಳುವುದನ್ನು ಅದು ತಡೆಯುವುದಿಲ್ಲ. ಇವೆರಡನ್ನೂ ಒಂದೇ ಎಂದುಕೊಳ್ಳುವವರು ಬಹಳ.

ಮಲಗುವ ಮುನ್ನ ಒಂದು ಸಲ ನೋಡಿಬಿಡೋಣ

ಯಾವ ನಿಯಮವನ್ನೂ ಮುರಿಯದೆ, ಕೋಣೆಯಲ್ಲಿ ಮಲಗಿ ಫೋನ್ ನೋಡಿದರೆ? ದಂಡವಿಲ್ಲ. ಆದರೆ ದೇಹ ಬೇರೆ ಲೆಕ್ಕ ಇಡುತ್ತದೆ.

ಆಸ್ಟ್ರೇಲಿಯಾದ ಈಜುಗಾರ್ತಿ ಎಮಿಲಿ ಸೀಬೋಮ್ ಲಂಡನ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನ ಆರಂಭಿಕ ಸುತ್ತಿನಲ್ಲೇ ಒಲಿಂಪಿಕ್ ದಾಖಲೆ ಬರೆದರು. ಚಿನ್ನ ನಿನ್ನದೇ ಎಂದು ಎಲ್ಲರೂ ಬರೆಯತೊಡಗಿದರು. ಫೈನಲ್‌ನಲ್ಲಿ ಸಿಕ್ಕದ್ದು ಬೆಳ್ಳಿ. ಕಣ್ಣೀರಿಡುತ್ತ ಅವರು ಹೇಳಿದ್ದು, ಟ್ವಿಟರ್ ಮತ್ತು ಫೇಸ್‌ಬುಕ್‌ನಿಂದ ಹೊರಬಂದು ತನ್ನೊಳಗೆ ತಾನು ಇರಲು ಆಗಲಿಲ್ಲ ಎಂದು. ಇಲ್ಲಿ ಗಮನಿಸಬೇಕಾದದ್ದು, ಆಕೆಗೆ ತೊಡಕಾದದ್ದು ಬೈಗುಳವಲ್ಲ, ಹೊಗಳಿಕೆ.

ಇದು ಒಬ್ಬರ ಅನುಭವ. ಅಧ್ಯಯನಗಳೂ ಇವೆ. ಅಮೆರಿಕದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಸಂಶೋಧಕರು 2009ರಿಂದ 2016ರವರೆಗಿನ 112 ಎನ್‌ಬಿಎ ಆಟಗಾರರ ಟ್ವೀಟ್‌ಗಳ ಸಮಯವನ್ನೂ ಮರುದಿನದ ಆಟವನ್ನೂ ಹೋಲಿಸಿದರು. ರಾತ್ರಿ 11 ಗಂಟೆಯ ನಂತರ ಟ್ವೀಟ್ ಮಾಡಿದ್ದರೆ ಮರುದಿನ ಸರಾಸರಿ ಒಂದು ಅಂಕದಷ್ಟು ಕಡಿಮೆ ಗಳಿಸಿದ್ದರು, ಗುರಿಯ ನಿಖರತೆಯೂ ತುಸು ಇಳಿದಿತ್ತು. ಟ್ವೀಟ್‌ಗೆ ಮಾಯದ ಶಕ್ತಿಯೇನಿಲ್ಲ. ಆ ಹೊತ್ತಿನಲ್ಲಿ ಆಟಗಾರರು ಎಚ್ಚರವಿದ್ದರು ಎಂಬುದಕ್ಕೆ ಅದು ಸಾಕ್ಷಿ, ನಿದ್ದೆಗೆಡುವುದೇ ನಿಜವಾದ ಕಾರಣ ಎಂದು ಸಂಶೋಧಕರು ಭಾವಿಸಿದರು. ಬ್ರೆಜಿಲ್‌ನಲ್ಲಿ ಫುಟ್‌ಬಾಲ್ ಆಟಗಾರರ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೂ ಹತ್ತಿರದ ಪ್ರಶ್ನೆ ಕೇಳಿತು: ಆಡುವ ಮುನ್ನ ಜಾಲತಾಣ ನೋಡಿದರೆ ಏನಾಗುತ್ತದೆ? ಹದಿನೈದು ನಿಮಿಷ ನೋಡಿದವರಲ್ಲಿ ವ್ಯತ್ಯಾಸ ಕಾಣಲಿಲ್ಲ. ಅರ್ಧ ಗಂಟೆ ಅಥವಾ ಅದಕ್ಕೂ ಹೆಚ್ಚು ನೋಡಿದವರು ಚೆಂಡನ್ನು ಯಾರಿಗೆ ಪಾಸ್ ಮಾಡಬೇಕು ಎಂಬ ತೀರ್ಮಾನದಲ್ಲಿ ಎಡವಿದರು. ಕಾಲು ದಣಿದಿರಲಿಲ್ಲ, ತಲೆ ದಣಿದಿತ್ತು.

ಎದುರು ದಿಕ್ಕಿನಿಂದ ಬರುವುದು

ಫೋನ್ ಎರಡೂ ಕಡೆ ತೆರೆದ ಬಾಗಿಲು. ಆಟಗಾರರು ಒಂದು ಸಾಲು ಬರೆಯುವಷ್ಟರಲ್ಲಿ ಅವರ ಕಡೆಗೆ ಸಾವಿರ ಸಾಲು ಬಂದಿರುತ್ತವೆ.

2021ರ ಜುಲೈ 11ರಂದು ಯೂರೊ ಫುಟ್‌ಬಾಲ್ ಫೈನಲ್‌ನಲ್ಲಿ ಪೆನಾಲ್ಟಿ ತಪ್ಪಿದ ಇಂಗ್ಲೆಂಡ್‌ನ ರಾಷ್‌ಫೋರ್ಡ್, ಸ್ಯಾಂಚೊ, ಸಾಕಾ ಅವರ ಖಾತೆಗಳಿಗೆ ಜನಾಂಗೀಯ ನಿಂದನೆ ಹರಿದುಬಂತು. 2022ರ ಸೆಪ್ಟೆಂಬರ್‌ನಲ್ಲಿ ಏಷ್ಯಾ ಕಪ್‌ನ ಪಾಕಿಸ್ತಾನ ವಿರುದ್ಧದ ಪಂದ್ಯದಲ್ಲಿ ಒಂದು ಕ್ಯಾಚ್ ಬಿಟ್ಟ ಅರ್ಷದೀಪ್ ಸಿಂಗ್‌ಗೆ ಆದದ್ದೂ ಇದೇ. ಅವರ ವಿಕಿಪೀಡಿಯ ಪುಟವನ್ನೂ ಕೆಡಿಸಲಾಯಿತು. ಒಂದು ಕ್ಯಾಚ್‌ಗಾಗಿ ಇಪ್ಪತ್ಮೂರರ ಹುಡುಗನ ದೇಶನಿಷ್ಠೆಯನ್ನೇ ಪ್ರಶ್ನಿಸಿದ್ದು ಈಗ ನೆನೆದರೂ ಸಂಕಟವಾಗುತ್ತದೆ.

ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಟೋಕಿಯೊ ಒಲಿಂಪಿಕ್ಸ್ ಸಮಯದಲ್ಲಿ 161 ಅಥ್ಲೀಟ್‌ಗಳ ಟ್ವಿಟರ್ ಖಾತೆಗಳನ್ನು ಪರಿಶೀಲಿಸಿತು. ಸಿಕ್ಕ ನಿಂದನೆಯಲ್ಲಿ ಶೇ. 87ರಷ್ಟು ಗುರಿಯಿಟ್ಟಿದ್ದು ಮಹಿಳೆಯರನ್ನು. ಟೆನಿಸ್‌ನಲ್ಲಿ ಇನ್ನೊಂದು ಮುಖ ಕಾಣುತ್ತದೆ: ಮಹಿಳಾ ಟೆನಿಸ್ ಸಂಸ್ಥೆ ಡಬ್ಲ್ಯುಟಿಎ ಮತ್ತು ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ 2024ರ ಬಗ್ಗೆ ಕೊಟ್ಟ ವರದಿಯಂತೆ, ಗುರುತಿಸಲಾದ ನಿಂದನೆಯ ಸುಮಾರು ಶೇ. 40 ಭಾಗ ಬಾಜಿಯಲ್ಲಿ ಹಣ ಕಳೆದುಕೊಂಡ ಸಿಟ್ಟಿನಿಂದ ಬಂದದ್ದು. ಟಾಸ್‌ಗೆ ಮೊದಲು ಒಳಮಾಹಿತಿ ಹುಡುಕುವ ಅದೇ ಬೆಟ್ಟಿಂಗ್, ಪಂದ್ಯ ಮುಗಿದ ಮೇಲೆ ಬೆದರಿಕೆಯ ರೂಪದಲ್ಲಿ ಬರುತ್ತದೆ.

ಹಾಗಾಗಿ ಈಗ ಕೂಟಗಳೇ ಶೋಧಕ ವ್ಯವಸ್ಥೆ ಒದಗಿಸುತ್ತಿವೆ. ಫಿಫಾ ಮತ್ತು ಆಟಗಾರರ ಸಂಘ ಫಿಫ್‌ಪ್ರೊ 2022ರ ಕತಾರ್ ವಿಶ್ವಕಪ್‌ನಲ್ಲಿ ಇದನ್ನು ಆರಂಭಿಸಿದವು. ಪ್ಯಾರಿಸ್‌ನಲ್ಲಿ ಐಒಸಿ 35ಕ್ಕೂ ಹೆಚ್ಚು ಭಾಷೆಗಳಲ್ಲಿ ಕೃತಕ ಬುದ್ಧಿಮತ್ತೆಯ ಕಾವಲು ಇಟ್ಟಿತು. ಕೆಲಸ ಮಾಡುವ ಬಗೆ ಹೀಗೆ: ಸಾರ್ವಜನಿಕ ಕಮೆಂಟ್‌ಗಳನ್ನು ಯಂತ್ರ ಓದುತ್ತದೆ, ಅನುಮಾನ ಬಂದದ್ದನ್ನು ಮನುಷ್ಯರು ಪರಿಶೀಲಿಸುತ್ತಾರೆ, ನಿಂದನೆ ಎಂದು ಖಚಿತವಾದರೆ ಆ ಜಾಲತಾಣಕ್ಕೆ ದೂರು ಹೋಗುತ್ತದೆ, ಬೆದರಿಕೆ ಗಂಭೀರವಾಗಿದ್ದರೆ ಪೊಲೀಸರಿಗೂ ಹೋಗುತ್ತದೆ.

ಹಾಗಿದ್ದರೆ ಖಾತೆಯನ್ನೇ ಮುಚ್ಚಬಾರದೇಕೆ?

ಕೆಲವರು ಕೂಟ ಮುಗಿಯುವವರೆಗೆ ಆ್ಯಪ್ ಅಳಿಸಿಯೇ ಬಿಡುತ್ತಾರೆ. ಎಲ್ಲರಿಗೂ ಅದು ಸಾಧ್ಯವಿಲ್ಲ. ದೊಡ್ಡ ಸಂಬಳದ ಲೀಗ್ ಇಲ್ಲದ ಕ್ರೀಡೆಗಳಲ್ಲಿ ಪ್ರಾಯೋಜಕರು ಮೊದಲು ಕೇಳುವುದೇ ಹಿಂಬಾಲಕರು ಎಷ್ಟು ಎಂದು. ಹಿಂಬಾಲಕರು ಹೆಚ್ಚುವುದು ಕೂಟದ ದಿನಗಳಲ್ಲೇ.

ತಮ್ಮ ಮಾತನ್ನು ತಾವೇ ಹೇಳುವ ದಾರಿಯೂ ಅದು. 2021ರ ಫ್ರೆಂಚ್ ಓಪನ್‌ನಿಂದ ಹಿಂದೆ ಸರಿಯುವುದನ್ನೂ ತನ್ನ ಖಿನ್ನತೆಯನ್ನೂ ಟೆನಿಸ್ ಆಟಗಾರ್ತಿ ನವೋಮಿ ಒಸಾಕಾ ತಿಳಿಸಿದ್ದು ಸ್ವಂತ ಖಾತೆಯ ಮೂಲಕ, ತನ್ನದೇ ಪದಗಳಲ್ಲಿ. ಅದೇ ವರ್ಷ ಟೋಕಿಯೊ ಕ್ರೀಡಾಗ್ರಾಮದ ರಟ್ಟಿನ ಮಂಚ ಇಬ್ಬರ ಭಾರ ತಡೆಯದಂತೆ ಬೇಕೆಂದೇ ಮಾಡಿದ್ದು ಎಂಬ ಸುಳ್ಳು ಹಬ್ಬಿದಾಗ, ಐರ್ಲೆಂಡ್‌ನ ಜಿಮ್ನಾಸ್ಟ್ ರೀಸ್ ಮೆಕ್ಲೆನಹನ್ ಆ ಮಂಚದ ಮೇಲೆ ಜಿಗಿದು ಜಿಗಿದು ವಿಡಿಯೊ ಹಾಕಿದರು. ಮಂಚ ಮುರಿಯಲಿಲ್ಲ. ಒಲಿಂಪಿಕ್ಸ್‌ನ ಅಧಿಕೃತ ಖಾತೆಯೇ ಅವರಿಗೆ ಧನ್ಯವಾದ ಹೇಳಿತು.

ನಿಯಮ ಮಾಡುವವರಿಗೂ ಈ ಆಕರ್ಷಣೆ ಗೊತ್ತು. 2012ರ ಫೆಬ್ರವರಿಯ ಡೇಟೋನಾ 500 ಕಾರ್ ರೇಸ್ ಅಪಘಾತದಿಂದ ನಿಂತಿದ್ದಾಗ ಬ್ರ್ಯಾಡ್ ಕೆಸೆಲೋವ್‌ಸ್ಕಿ ಕಾರಿನಲ್ಲಿದ್ದ ಫೋನ್ ತೆಗೆದು ಟ್ರ್ಯಾಕ್‌ನಲ್ಲಿ ಎದ್ದ ಬೆಂಕಿಯ ಚಿತ್ರ ಹಾಕಿದರು. ಕೆಲವೇ ಗಂಟೆಗಳಲ್ಲಿ ಲಕ್ಷಕ್ಕೂ ಹೆಚ್ಚು ಹೊಸ ಹಿಂಬಾಲಕರು ಬಂದರು. ರೇಸ್ ನಡೆಸುವ ಸಂಸ್ಥೆ ನಾಸ್ಕಾರ್ ಶಿಕ್ಷೆ ಕೊಡಲಿಲ್ಲ. ಅದೇ ನವೆಂಬರ್‌ನಲ್ಲಿ ಇನ್ನೊಂದು ರೇಸ್ ನಿಂತಾಗ ಕಾರಿನಿಂದ ಮತ್ತೆ ಟ್ವೀಟ್ ಮಾಡಿದರು. ಈ ಸಲ ಕಾರಿನೊಳಗೆ ಫೋನ್ ಇಟ್ಟುಕೊಂಡದ್ದಕ್ಕೆ 25,000 ಡಾಲರ್ ದಂಡ ಬಿತ್ತು.

ಆಡುತ್ತಿರುವಾಗಲೇ ಪೋಸ್ಟ್ ಬಂತಲ್ಲ?

ಬ್ಯಾಟ್ಸ್‌ಮನ್ ಕ್ರೀಸ್‌ನಲ್ಲಿರುವಾಗಲೇ ಅವರ ಖಾತೆಯಲ್ಲಿ ಜಾಹೀರಾತಿನ ಪೋಸ್ಟ್ ಬರುವುದನ್ನು ನೋಡಿ ಅಚ್ಚರಿಪಡುವವರು ಇದ್ದಾರೆ. ನಿಯಮ ಮುರಿದರೇ ಎಂದು ಕಮೆಂಟಿನಲ್ಲಿ ಜಗಳವೂ ನಡೆಯುತ್ತದೆ. ಉತ್ತರ ಸರಳ: ಫೋನ್ ಅವರ ಬಳಿ ಇಲ್ಲ, ಪಾಸ್‌ವರ್ಡ್ ಬೇರೆಯವರ ಬಳಿ ಇದೆ. ಹೆಸರಾಂತ ಆಟಗಾರರ ಖಾತೆಗಳನ್ನು ಅವರ ಮ್ಯಾನೇಜರ್, ಏಜೆನ್ಸಿ ಅಥವಾ ಮನೆಯವರು ನೋಡಿಕೊಳ್ಳುತ್ತಾರೆ. ಮುಂಚಿತವಾಗಿ ಬರೆದು ಇಂಥ ಹೊತ್ತಿಗೆ ಹೋಗಲಿ ಎಂದು ಹೊಂದಿಸಿಟ್ಟ ಪೋಸ್ಟ್‌ಗಳೂ ಇರುತ್ತವೆ. ಇದರಲ್ಲಿ ತಪ್ಪೇನೂ ಇಲ್ಲ.

ಬರೆದ ಕೈ ಬೇರೆಯವರದಾದರೂ ಉತ್ತರ ಹೇಳಬೇಕಾದವರು ಖಾತೆಯ ಒಡೆಯರೇ. ಹೊರಗಿರುವ ಏಜೆನ್ಸಿಯ ಹುಡುಗ ತಪ್ಪಿ ಟಾಸ್‌ಗೆ ಮೊದಲೇ ಹನ್ನೊಂದರ ಪಟ್ಟಿ ಹಾಕಿದರೆ, ಅದು ಅವನ ಕೈಗೆ ಸಿಕ್ಕಿದ್ದು ಹೇಗೆ ಎಂದು ತನಿಖಾಧಿಕಾರಿ ಮೊದಲು ಕೇಳುವುದು ಡ್ರೆಸ್ಸಿಂಗ್ ರೂಮಿನೊಳಗೆ ಪ್ಯಾಡ್ ಕಟ್ಟಿಕೊಂಡು ಕೂತ ಆಟಗಾರನನ್ನು.